ದೊರೆಗೊಂದು ಅಹವಾಲು

ಗೆಜ್ಜಲಗೆರೆಯ ಆಸುಪಾಸಿನ ಊರುಗಳಲ್ಲಿ, ನಾಡಹೆಂಚಿನ ಹಳೆಯ ತೊಟ್ಟಿಮನೆಯೊಂದರ ನಡುಮನೆಗೆ ಕಾಲಿರಿಸಿ ಗೋಡೆಯ ಕಡೆಗೆ ಕಣ್ಣೆತ್ತಿದರೆ, ಮನೆದೇವರ ಪಟಗಳ ಸಾಲಿನಲ್ಲಿಯೇ, ಅದೇ ಕುಂಕುಮದ ಬೊಟ್ಟನ್ನೂ ಅದೇ ಊದುಬತ್ತಿಯ ಹೊಗೆಯನ್ನೂ ಹಂಚಿಕೊಂಡು, ನಾಲ್ವಡಿ ಕೃಷ್ಣರಾಜ ಒಡೆಯರ ಪಟವೂ ಅದರ ಮಗ್ಗುಲಲ್ಲಿ ಪೇಟ ಧರಿಸಿದ ವಿಶ್ವೇಶ್ವರಯ್ಯನವರ ಪಟವೂ ತೂಗುತ್ತಿರುವುದು ಅಪರೂಪದ ನೋಟವೇನಲ್ಲ. ಕನ್ನಂಬಾಡಿಯ ನೀರು ಕುಡಿದ ಸೀಮೆಗೆ ಇದು ಸಹಜವೇ. ಆದರೆ ಇದೇ ಸೀಮೆಯ ಒಕ್ಕಲುಮಕ್ಕಳು, ಇದೇ ದೊರೆಯ ಆಳ್ವಿಕೆಯಲ್ಲಿ, 1931-32ರ ಹೊತ್ತಿಗೆ ಆ ನೀರಿನ ಬಾಬತ್ತಿನಲ್ಲಿಯೇ ಸರ್ಕಾರದ ವಿರುದ್ಧ ಎದ್ದುನಿಂತಿದ್ದರು. 1938ರ ಏಪ್ರಿಲ್ ತಿಂಗಳಿನಲ್ಲಿ, ಇಲ್ಲಿಂದ ಕೆಲವೇ ಮೈಲಿ ದೂರದ ಶಿವಪುರದಲ್ಲಿ, ಆ ದೊರೆಯ ಸರ್ಕಾರದ ಆಜ್ಞೆಯನ್ನು ಹಗಲು ಹೊತ್ತಿನಲ್ಲಿ, ಸಹಸ್ರಾರು ಜನರ ಕಣ್ಣೆದುರಿಗೆ ಮುರಿದಿದ್ದರು. ಪೂಜೆಯೂ ಪ್ರತಿಭಟನೆಯೂ ಒಂದೇ ಮನೆಯಲ್ಲಿ ಹೇಗೆ ಒಟ್ಟಿಗೆ ಬಾಳಿದವು ಎಂಬುದು ಬಹುಕಾಲದಿಂದ ನನ್ನನ್ನು ಕಾಡಿದ ಪ್ರಶ್ನೆ.

ಊರಿನ ಹಿರಿಯರೊಬ್ಬರ ಮುಂದೆ ಒಮ್ಮೆ ಈ ಮಾತನ್ನು ಎತ್ತಿದೆ. ಅವರು ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದವರು, ನನ್ನ ಅಜ್ಞಾನಕ್ಕೆ ಮರುಗಿದವರಂತೆ ತಲೆಯೆತ್ತಿ, "ದೊರೆ ಮ್ಯಾಲೆ ನಮಗ್ಯಾಕಪ್ಪ ಸಿಟ್ಟು? ದೇವ್ರು ಕೊಟ್ರೂ ಪೂಜಾರಿ ಕೊಡಾಕಿಲ್ಲ ಅಂತಾರಲ್ಲ, ಅಂಗೆ" ಎಂದು ಹೇಳಿ ಮತ್ತೆ ಎಲೆಯ ಕಡೆ ತಿರುಗಿದರು.

ನಿರಂಕುಶ ಪ್ರಭುತ್ವಗಳ ಚರಿತ್ರೆಯನ್ನು ಓದಿದವರಿಗೆ ಈ ಗಾದೆ ಅಪರಿಚಿತವೆನಿಸದು. ರಷ್ಯ ದೇಶದ ಒಕ್ಕಲಿಗನೂ ತಲೆಮಾರುಗಳಿಂದ ಹೀಗೆಯೇ ನಂಬಿದ್ದನು. ಅವನ ಪಾಲಿಗೆ ತ್ಸಾರ್ ಚಕ್ರವರ್ತಿಯು ಕೇವಲ ಅರಸನಲ್ಲ, 'ಬಾತ್ಯುಷ್ಕ', ಎಂದರೆ ತಂದೆ. ತಂದೆಗೆ ಮಕ್ಕಳ ಕಷ್ಟ ತಿಳಿಯದಂತೆ ಜಮೀನ್ದಾರರೂ ಅಧಿಕಾರಿಗಳೂ ಅಡ್ಡ ನಿಂತಿದ್ದಾರೆ, ತಿಳಿದ ದಿನ ಎಲ್ಲವೂ ಸರಿಹೋದೀತು. ಈ ನಂಬುಗೆ ಅಲ್ಲಿ ಹೇಗೆ ಸತ್ತಿತು, ಇಲ್ಲಿ ಹೇಗೆ ಉಳಿಯಿತು ಎಂಬುದನ್ನು ನೋಡಹೊರಟರೆ ಎರಡೂ ನಾಡುಗಳ ಅಸಂತೃಪ್ತಿಯ ಬೇರುಗಳು ಕೈಗೆ ಸಿಕ್ಕುತ್ತವೆ.

ಕಾಲದ ಒಂದು ವಿಚಿತ್ರ ಸಂಯೋಗದಿಂದ ತೊಡಗಬಹುದು. 1881ನೆಯ ಇಸವಿಯ ಮಾರ್ಚ್ 13ರಂದು (ಅವರ ಹಳೆಯ ಪಂಚಾಂಗದಂತೆ ಅದು ಮಾರ್ಚ್ 1) ಸೇಂಟ್ ಪೀಟರ್ಸ್‌ಬರ್ಗ್ ನಗರದ ಬೀದಿಯಲ್ಲಿ ಕ್ರಾಂತಿಕಾರಿಗಳ ಬಾಂಬಿಗೆ ಎರಡನೆಯ ಅಲೆಕ್ಸಾಂಡರ್ ಬಲಿಯಾದನು. ಶಾಸನಗಳ ವಿಚಾರದಲ್ಲಿ ಚುನಾಯಿತ ಪ್ರತಿನಿಧಿಗಳ ಸಲಹೆಯನ್ನು ಕೇಳುವ ಒಂದು ಯೋಜನೆಗೆ ಅದೇ ದಿನ ಬೆಳಿಗ್ಗೆ ಅವನು ಒಪ್ಪಿಗೆಯಿತ್ತಿದ್ದನು. ಅವನ ಮಗ ಮೂರನೆಯ ಅಲೆಕ್ಸಾಂಡರ್ ಆ ಯೋಜನೆಯನ್ನು ಮೂಲೆಗೊತ್ತಿ, ನಿರಂಕುಶಾಧಿಕಾರವು ಅಚಲವಾಗಿರುವುದೆಂದು ಘೋಷಣೆ ಹೊರಡಿಸಿದನು. ಎರಡನೆಯ ಅಲೆಕ್ಸಾಂಡರನು ಮಡಿದ ಹನ್ನೆರಡನೆಯ ದಿನ, ಎಂದರೆ ಮಾರ್ಚ್ 25ರಂದು, ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಮೈಸೂರು ಸಂಸ್ಥಾನವು ಚಾಮರಾಜೇಂದ್ರ ಒಡೆಯರಿಗೆ ಮರಳಿ ದೊರೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು 144 ಮಂದಿಯ ಪ್ರಜಾಪ್ರತಿನಿಧಿ ಸಭೆಯನ್ನು ದಸರೆಯ ಕಾಲಕ್ಕೆ ನೆರೆಸಿದರು. ಪೀಟರ್ಸ್‌ಬರ್ಗಿನಲ್ಲಿ ಮುಚ್ಚಿದ ಬಾಗಿಲು ಮೈಸೂರಿನಲ್ಲಿ ಅದೇ ವರ್ಷ ಒಂದು ಗೇಣಾದರೂ ತೆರೆಯಿತು.

ಗೇಣು ಎಂದುದನ್ನು ತೂಗಿಯೇ ಬರೆದಿದ್ದೇನೆ. ಆ ಸಭೆಗೆ ಬಂದ ರೈತರೂ ವರ್ತಕರೂ ಮೊದಮೊದಲು ಅಧಿಕಾರಿಗಳೇ ಆರಿಸಿ ಕಳುಹಿಸಿದವರು. ಚುನಾವಣೆಯೆಂಬುದು ಬಂದುದು 1891ರಲ್ಲಿ, ಅದೂ ಆಸ್ತಿಪಾಸ್ತಿಯುಳ್ಳವರಿಗೆ ಮಾತ್ರ. ಒಂದು ಕಾಸನ್ನು ಕೊಡಿಸುವ ಅಥವಾ ತಡೆಯುವ ಅಧಿಕಾರ ಸಭೆಗಿರಲಿಲ್ಲ. 1907ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು. ಅದರ ಮರುವರ್ಷವೇ, ಪತ್ರಿಕೆಗಳ ಬಾಯಿಗೆ ಬೀಗ ಹಾಕುವ ಕಾನೂನೂ ಬಂದಿತು. ಇಷ್ಟಾದರೂ, ಮಳವಳ್ಳಿಯಿಂದಲೋ ಮದ್ದೂರಿನಿಂದಲೋ ಹೊರಟ ರೈತ ಪ್ರತಿನಿಧಿಯೊಬ್ಬನು ದಿವಾನರ ಎದುರಿಗೆ ನಿಂತು ತನ್ನ ತಾಲ್ಲೂಕಿನ ಕೆರೆ ಒಡೆದುದನ್ನೂ ಅಮಲ್ದಾರನು ಕಿವಿಗೊಡದುದನ್ನೂ ಹೇಳಬಹುದಾಗಿತ್ತು. ಹೇಳಿದುದೆಲ್ಲ ನಡೆಯಿತೆಂದಲ್ಲ, ಹೇಳುವ ಒಂದು ಜಾಗವಿತ್ತು.

ರಷ್ಯದಲ್ಲಿ ಆ ಜಾಗವಿರಲಿಲ್ಲ, ಹೇಳಬೇಕಾದುದೋ ಬೆಟ್ಟದಷ್ಟಿತ್ತು. 1861ರಲ್ಲಿ ಜಮೀನ್ದಾರರ ಜೀತದಿಂದ ಎರಡು ಕೋಟಿಗೂ ಮಿಕ್ಕ ಒಕ್ಕಲುಗಳು ಬಿಡುಗಡೆ ಹೊಂದಿದರೆಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಆದರೆ ಬಿಡುಗಡೆಯ ಜೊತೆಗೆ ಬಂದ ಭೂಮಿಯ ಬೆಲೆಯನ್ನು ಸರ್ಕಾರವು ಜಮೀನ್ದಾರರಿಗೆ ಮುಂಗಡವಾಗಿ ಕೊಟ್ಟು, ಅದನ್ನು ಒಕ್ಕಲುಗಳಿಂದ ಬಡ್ಡಿ ಸಹಿತ 49 ವರ್ಷಗಳ ಕಂತುಗಳಲ್ಲಿ ವಸೂಲು ಮಾಡತೊಡಗಿತೆಂಬುದನ್ನೂ, ತಾವು ಹಿಂದಿನಿಂದ ಉತ್ತು ಬರುತ್ತಿದ್ದ ಹೊಲದಲ್ಲಿಯೇ ಎಷ್ಟೋ ಭಾಗವನ್ನು ಕಡಿದು ಜಮೀನ್ದಾರರಿಗೆ ಬಿಡಬೇಕಾಯಿತೆಂಬುದನ್ನೂ ಗಮನಿಸಿದರೆ, ಅದು ಎಂಥ ಬಿಡುಗಡೆಯೆಂದು ಯಾವ ರೈತನಾದರೂ ಹೇಳಬಲ್ಲನು. ಅಜ್ಜನು ಉತ್ತ ನೆಲಕ್ಕೆ ಮೊಮ್ಮಗನು ಕ್ರಯ ಕಟ್ಟುತ್ತಿದ್ದನು. ಕಟ್ಟುವ ಹೊಣೆ ಒಬ್ಬೊಬ್ಬನದಲ್ಲ, ಊರೊಟ್ಟಿಗಿನದು: ಒಬ್ಬನು ಸೋತರೆ ಉಳಿದವರು ತೆರಬೇಕು, ಆದುದರಿಂದ ಊರು ಬಿಟ್ಟು ಹೋಗುವವನನ್ನು ಊರೇ ಹಿಡಿದು ನಿಲ್ಲಿಸುತ್ತಿತ್ತು. 1891ರ ಬರಗಾಲದಲ್ಲಿ ವೋಲ್ಗಾ ನದಿಯ ಸೀಮೆಯ ಜನರು ಹಸಿವಿನಿಂದಲೂ ಕಾಲರಾದಿಂದಲೂ ಲಕ್ಷಗಟ್ಟಲೆ ಮಡಿದರು. ಆ ತನಕ ಸರ್ಕಾರವು ತೆರಿಗೆಯ ಒತ್ತಡದಿಂದ ರೈತನ ಕಣಜವನ್ನು ಬರಿದುಮಾಡಿಸಿ, ಆ ಧಾನ್ಯವನ್ನು ಹೊರದೇಶಗಳಿಗೆ ಮಾರುತ್ತಿತ್ತು. ರಫ್ತಿನಿಂದ ಬಂದ ಚಿನ್ನದ ಬಲದಿಂದ ರೈಲುದಾರಿ ಬೆಳೆಯಿತು, ಕಾರ್ಖಾನೆಗಳೆದ್ದವು. ಆ ಕಾರ್ಖಾನೆಗಳಿಗೆ ಕೂಲಿಯಾಗಿ ಬಂದವನು ಅದೇ ಹಸಿದ ಒಕ್ಕಲಿನ ಮಗ. ಸಂಘ ಕಟ್ಟುವುದು ಅವನಿಗೆ ನಿಷಿದ್ಧ, ಮುಷ್ಕರ ಹೂಡುವುದು ಅಪರಾಧ. ಸ್ಥಳೀಯ ಮಂಡಲಿಗಳ ಸಭ್ಯ ಗೃಹಸ್ಥರು 1895ರಲ್ಲಿ, ಆಡಳಿತದಲ್ಲಿ ತಮ್ಮ ದನಿಗೂ ಎಡೆಯಿರಲೆಂದು ಹೊಸ ಚಕ್ರವರ್ತಿ ಎರಡನೆಯ ನಿಕೊಲಾಸನಲ್ಲಿ ಬಹು ವಿನಯದಿಂದ ಬಿನ್ನವಿಸಿದಾಗ, ಅವನು ಅದನ್ನು ಅರ್ಥಹೀನ ಕನಸೆಂದು ತಳ್ಳಿಹಾಕಿದನು.

ಹೀಗೆ ಬರೆಯುವಾಗ ಮೈಸೂರು ಸೀಮೆ ರಾಮರಾಜ್ಯವಾಗಿತ್ತೆಂಬ ಭಾವನೆ ಹುಟ್ಟಬಾರದು. ನಮ್ಮ ಸಂಸ್ಥಾನವು 1831ರಲ್ಲಿ ಒಡೆಯರ ಕೈತಪ್ಪಿದುದು ರೈತರ ದಂಗೆಯಿಂದಲೇ ಅಲ್ಲವೆ? ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 'ಶರತ್ತು' ಎಂಬ ಪದ್ಧತಿಯೊಂದು ರೂಢಿಗೆ ಬಂದಿತ್ತು: ಈ ತಾಲ್ಲೂಕಿನಿಂದ ಇಂತಿಷ್ಟು ಹುಟ್ಟುವಳಿಯನ್ನು ತಂದು ಒಪ್ಪಿಸುವೆನು, ಕಡಮೆ ಬಿದ್ದರೆ ಕೈಯಿಂದ ತುಂಬುವೆನು ಎಂದು ಅಮಲ್ದಾರನು ಬರೆದುಕೊಟ್ಟು ಅಧಿಕಾರ ಪಡೆಯತಕ್ಕದ್ದು. ಕೈಯಿಂದ ತುಂಬಿದ ಅಮಲ್ದಾರನನ್ನು ಯಾರು ಕಂಡಿದ್ದಾರೆ! ಮಳೆ ಬಂದರೂ ಬಾರದಿದ್ದರೂ ಶರತ್ತು ಶರತ್ತೇ; ಅದರ ಭಾರವೆಲ್ಲ ಇಳಿದುದು ರೈತನ ಬೆನ್ನಿನ ಮೇಲೆ. ನಗರ ಸೀಮೆಯ ರೈತರು 1830ರಲ್ಲಿ 'ಕೂಟ' ಕಟ್ಟಿದರು. ಈ ಮಾತು ನೆನಪಿಡತಕ್ಕದ್ದು. ಊರೂರಿನವರು ಒಂದೆಡೆ ನೆರೆದು, ಕಂದಾಯ ಕೊಡುವುದಿಲ್ಲವೆಂದು ಒಮ್ಮತಕ್ಕೆ ಬರುವುದೇ ಕೂಟ. ಅವರ ಮೊದಲ ಕೋರಿಕೆ ರಾಜ್ಯವಲ್ಲ, ಬಾಕಿಯ ಮಾಫಿ ಮತ್ತು ಅಧಿಕಾರಿಗಳಿಂದ ಬಿಡುಗಡೆ. ಕೇಳುವವರಿಲ್ಲದಾಗ, ತಾನು ಕೆಳದಿಯ ವಂಶಸ್ಥನೆಂದು ಸಾರಿಕೊಂಡ ಬೂದಿ ಬಸವಪ್ಪನ ಹಿಂದೆಯೂ ತರೀಕೆರೆಯ ಪಾಳೆಯಗಾರನ ಹಿಂದೆಯೂ ಅವರು ಹೋದರು, ಕೋವಿ ಸಿಡಿಯಿತು, ಅದನ್ನೇ ನೆವಮಾಡಿಕೊಂಡು ಬ್ರಿಟಿಷರ ಗವರ್ನರ್ ಜನರಲ್ ಬೆಂಟಿಂಕನು ರಾಜ್ಯಭಾರವನ್ನೇ ಕಿತ್ತುಕೊಂಡನು. ರಂಗಾಚಾರ್ಲು ಅವರ ಸಭೆಗೆ ಹಿಂದಿನ ಈ ಪಾಠವೂ ಒಂದು ಕಾರಣವಾಗಿದ್ದಿರಬೇಕೆಂದು ನನ್ನ ಅಭಿಪ್ರಾಯ.

ರಷ್ಯದ ಪಾಲಿಗೆ ಪಾಠದ ದಿನ ಬಂದುದು 1905ರ ಜನವರಿಯಲ್ಲಿ, ಒಂದು ಭಾನುವಾರ. ಜಪಾನಿನೊಡನೆ ಹೂಡಿದ ಯುದ್ಧದಲ್ಲಿ ಸೋಲಿನ ಮೇಲೆ ಸೋಲು. ಪುತೀಲೊವ್ ಕಾರ್ಖಾನೆಯಲ್ಲಿ ಮುಷ್ಕರ. ಗಪೋನ್ ಎಂಬ ಪಾದ್ರಿಯ ಹಿಂದೆ ಸಹಸ್ರ ಸಹಸ್ರ ಕೂಲಿಕಾರರು, ಹೆಂಡಿರು ಮಕ್ಕಳೊಡನೆ, ಹಬ್ಬದ ಉಡುಪು ತೊಟ್ಟು, ದೇವರ ಪಟಗಳನ್ನೂ ಚಕ್ರವರ್ತಿಯ ಭಾವಚಿತ್ರವನ್ನೂ ಎತ್ತಿ ಹಿಡಿದು, ಸ್ತೋತ್ರ ಹಾಡುತ್ತ ಹಿಮದ ಬೀದಿಗಳಲ್ಲಿ ಅರಮನೆಯ ಕಡೆಗೆ ನಡೆದರು. ಕೈಯಲ್ಲಿದ್ದುದು ಒಂದು ಅಹವಾಲು: ದಿನಕ್ಕೆ ಎಂಟು ಗಂಟೆಯ ಕೆಲಸ, ಹೊಟ್ಟೆಗಾಗುವಷ್ಟು ಸಂಬಳ, ಜನರು ಆರಿಸಿದ ಒಂದು ಸಭೆ. ಗೆಜ್ಜಲಗೆರೆಯ ಹಿರಿಯರು ಹೇಳಿದ ಗಾದೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವರು ಹೊರಟಿದ್ದರು. ಪೂಜಾರಿಯನ್ನು ದಾಟಿ ನೇರವಾಗಿ ದೇವರ ಬಳಿಗೇ ಹೋಗುವುದು. ಅರಮನೆಯಲ್ಲಿ ದೇವರೇ ಇರಲಿಲ್ಲ. ನಿಕೊಲಾಸನು ಊರ ಹೊರಗಿನ ಬೇರೊಂದು ಅರಮನೆಯಲ್ಲಿದ್ದನು. ಸೈನಿಕರು ಗುಂಡು ಹಾರಿಸಿದರು; ನೂರಾರು ಜನರು ಸತ್ತರು, ಗಾಯಗೊಂಡರು. ಆ ದಿನ ಹಿಮದ ಮೇಲೆ ಬಿದ್ದುದು ಮನುಷ್ಯರಷ್ಟೇ ಅಲ್ಲ, ಅವರು ಹಿಡಿದಿದ್ದ ಚಕ್ರವರ್ತಿಯ ಪಟವೂ ಸಹ.

ಆಮೇಲೆ ಅವನು ದೂಮಾ ಎಂಬ ಸಭೆಯನ್ನು ಕೊಟ್ಟನೇನೋ ನಿಜ. 1906ರಲ್ಲಿ ನೆರೆದ ಮೊದಲ ಸಭೆ, ಒಕ್ಕಲುಗಳಿಗೆ ಭೂಮಿ ಹಂಚಬೇಕೆಂದು ಕೇಳಿದ ಅಪರಾಧಕ್ಕೆ, ಮೂರು ತಿಂಗಳು ತುಂಬುವ ಮುನ್ನವೇ ವಿಸರ್ಜಿತವಾಯಿತು. ಎರಡನೆಯದಕ್ಕೂ ಅದೇ ಗತಿ. ಆ ಬಳಿಕ ಚುನಾವಣೆಯ ಕಾನೂನನ್ನೇ ತಿದ್ದಿ ಜಮೀನ್ದಾರರ ಕೈಗೆ ಸಭೆಯನ್ನು ಒಪ್ಪಿಸಲಾಯಿತು. ಕೊಟ್ಟುದನ್ನು ಕಿತ್ತುಕೊಳ್ಳುವುದು ಕೊಡದಿರುವುದಕ್ಕಿಂತ ಹೀನ.

ಇನ್ನು ನಮ್ಮ ನಾಲೆಯ ಕಥೆ. ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ತೊಡಗಿ ಎರಡು ದಶಕ ನಡೆಯಿತು. ಹುಲಿಕೆರೆಯ ಬಳಿ ಗುಡ್ಡವನ್ನು ಸುರಂಗ ಕೊರೆದು ದಾಟಿ, ಮಂಡ್ಯ, ಮದ್ದೂರು, ಮಳವಳ್ಳಿಗಳ ಲಕ್ಷಕ್ಕೂ ಮಿಕ್ಕ ಎಕರೆ ಒಣನೆಲಕ್ಕೆ ನೀರು ತರುವ ನಾಲೆಗೆ ಅಂದಿನ ವೈಸರಾಯ್ ಇರ್ವಿನ್ನರ ಹೆಸರನ್ನಿಟ್ಟರು. ಮೈಸೂರಿನ ನಾಲೆಗೆ ದಿಲ್ಲಿಯ ಪ್ರಭುವಿನ ಹೆಸರು: ನಮ್ಮ ದೊರೆಯ ಮೇಲೆಯೂ ಒಬ್ಬ ದೊರೆಯಿದ್ದನೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಸಂಸ್ಥಾನವು ವರ್ಷಕ್ಕೆ 35 ಲಕ್ಷ ರೂಪಾಯಿ ಪೊಗದಿ ತೆರುತ್ತಿದ್ದುದು, 1928ರಲ್ಲಿ ಅದರಿಂದ ಹತ್ತೂವರೆ ಲಕ್ಷ ಮಾಫಿಯಾದುದು, ಆ ಸಂಬಂಧದ ಲೆಕ್ಕ.

ರಾಗಿ, ಹುರುಳಿ, ಅವರೆಗಳನ್ನು ಮುಗಿಲು ನೋಡಿ ಬಿತ್ತುತ್ತಿದ್ದ ಖುಷ್ಕಿಯ ರೈತನ ಹೊಲದ ಬದುವಿಗೆ ತೂಬಿನ ನೀರು ಬಂದು ನಿಂತಾಗ ಅವನಿಗಾದ ಬೆರಗನ್ನು ಊಹಿಸಿಕೊಳ್ಳಬಹುದು. ನೀರಿನ ಹಿಂದೆಯೇ ಕಾಗದವೂ ಬಂದಿತು. ಖುಷ್ಕಿಯು ತರಿಯಾಗಿ ಭೂಮಿಯ ಬೆಲೆ ಏರಿರುವುದರಿಂದ ಎಕರೆಗೆ ಇಷ್ಟು 'ಕಾಂಟ್ರಿಬ್ಯೂಷನ್' ಕಟ್ಟತಕ್ಕದ್ದು. ಅದರ ಮೇಲೆ ನೀರಿನ ಕಂದಾಯ. ಅದರ ಮೇಲೆ 'ಬ್ಲಾಕ್' ಪದ್ಧತಿ, ಎಂದರೆ ಇಂಥ ಪಟ್ಟಿಯಲ್ಲಿ ಈ ವರ್ಷ ಭತ್ತ, ಇಂಥದರಲ್ಲಿ ಕಬ್ಬು, ಇಂಥದರಲ್ಲಿ ಒಣಬೆಳೆ ಎಂದು ಇಂಜಿನಿಯರ ನಕ್ಷೆಯೇ ನಿರ್ಣಯಿಸತಕ್ಕದ್ದು. ಸರ್ಕಾರದ ವಾದವೂ ಹುರುಳಿಲ್ಲದುದಲ್ಲ: ಕೋಟಿಗಟ್ಟಲೆ ಹಣ ಸುರಿದಿದೆ, ಲಾಭ ಪಡೆಯುವವನು ಪಾಲು ಕೊಡಲಿ, ಇದ್ದ ನೀರು ಎಲ್ಲರಿಗೂ ಮುಟ್ಟಲಿ. ಆದರೆ 1929ರಿಂದ ಜಗತ್ತನ್ನೆಲ್ಲ ಹಿಡಿದ ಆರ್ಥಿಕ ಮುಗ್ಗಟ್ಟಿನಲ್ಲಿ ಧಾನ್ಯದ ಧಾರಣೆ ನೆಲಕಚ್ಚಿತ್ತು. ಗದ್ದೆಯನ್ನು ಮಟ್ಟ ಮಾಡಲು, ಬದು ಕಟ್ಟಲು, ಎತ್ತು ಕೊಳ್ಳಲು ಸಾಹುಕಾರನ ಬಳಿ ಕೈಯೊಡ್ಡಿದವನು ಮೊದಲ ಫಸಲಿನ ಮುಖ ಕಾಣುವ ಮುನ್ನವೇ ಭೂಮಿಯ ಏರಿದ ಬೆಲೆಗೆ ತೆರಿಗೆ ಕಟ್ಟಬೇಕೆಂದರೆ, ಆ ಬೆಲೆ ಅವನ ಕೈಯಲ್ಲಿ ಎಲ್ಲಿದೆ? ಭೂಮಿಯನ್ನು ಮಾರಿದರೆ ತಾನೆ ಅದು ಕಾಣುವುದು! ರಷ್ಯದ ಒಕ್ಕಲಿಗನು ತನ್ನದೇ ಹೊಲಕ್ಕೆ ಕಂತು ಕಟ್ಟಿದ ವ್ಯಥೆಯ ಒಂದು ಸಣ್ಣ ಪ್ರತಿಬಿಂಬವನ್ನು ನಾನು ಈ ಕಾಂಟ್ರಿಬ್ಯೂಷನ್ನಿನಲ್ಲಿ ಕಾಣುತ್ತೇನೆ. ಗಾತ್ರದಲ್ಲಿ ಸಾಟಿಯಲ್ಲ, ಸ್ವಭಾವ ಒಂದೇ.

ಮದ್ದೂರು ಸೀಮೆಯ ಎಚ್.ಕೆ. ವೀರಣ್ಣಗೌಡರು ಈ ರೈತರ ಮುಂದಾಳಾಗಿ ನಿಂತರು. ಸಭೆ, ಅರ್ಜಿ, ನಿಯೋಗ, ಮತ್ತೆ ಸಭೆ. ಅದು ನಗರ ಸೀಮೆಯ ಕೂಟದಂಥದಲ್ಲ, ಕೋವಿಯಿರಲಿಲ್ಲ, ಪಾಳೆಯಗಾರನಿರಲಿಲ್ಲ. ಬೈಗುಳದ ಪಾಲು ದಿವಾನ್ ಮಿರ್ಜಾ ಇಸ್ಮಾಯಿಲರಿಗೆ ಸಂದಿತೇ ಹೊರತು ಅರಮನೆಗಲ್ಲ. ಮಿರ್ಜಾ ಅವರು ದಕ್ಷರು, ಸೌಂದರ್ಯೋಪಾಸಕರು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಗಿ, ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಕೋಲ್ಮನ್ನರ ಆಸ್ಥೆಯಿಂದ ಈ ಸೀಮೆಯ ಕಬ್ಬಿಗೆ ಮಾರುಕಟ್ಟೆ ದೊರೆತುದೂ ಅವರ ಕಾಲದಲ್ಲಿಯೇ. ಆದರೂ ಹೇಳಿಕೇಳಿ ಅವರು ದಿವಾನರು, ಎಂದರೆ ಪೂಜಾರಿ. ದೊರೆಯು ಪೂಜಾರಿಯ ಮರೆಯಲ್ಲಿ ಸುರಕ್ಷಿತನಾಗಿದ್ದನು. ಇದು ಮೈಸೂರಿನ ವ್ಯವಸ್ಥೆಯ ಜಾಣ್ಮೆಯೂ ಹೌದು, ಅನ್ಯಾಯವೂ ಹೌದು. ನಿಕೊಲಾಸನಾದರೋ 1915ರಲ್ಲಿ ತಾನೇ ಸೇನಾಧಿಪತ್ಯವನ್ನು ಹೊತ್ತು ರಣಾಂಗಣಕ್ಕೆ ಹೋದುದರಿಂದ, ಅಲ್ಲಿಂದಾಚೆಗೆ ಪ್ರತಿಯೊಂದು ಸೋಲೂ ಅವನ ತಲೆಗೇ ಸುತ್ತಿಕೊಂಡಿತು.

ನಾಲೆಯ ಚಳವಳಿಯಲ್ಲಿ ರೈತರು ಕಲಿತುದು ಸಭೆ ಸೇರುವ ವಿದ್ಯೆಯನ್ನು. ಬ್ರಾಹ್ಮಣೇತರ ಮುಖಂಡರ ಪ್ರಜಾಮಿತ್ರ ಮಂಡಲಿಯು, ರಷ್ಯದ ಕ್ರಾಂತಿಯ ವರ್ಷವಾದ 1917ರಲ್ಲಿಯೇ, ಸರ್ಕಾರಿ ಹುದ್ದೆಗಳೆಲ್ಲ ಒಂದೇ ವರ್ಗದ ಪಾಲಾಗುತ್ತಿವೆಯೆಂಬ ದೂರಿನೊಡನೆ ಹುಟ್ಟಿತ್ತು. ಆ ಧಾರೆಯೂ 1937ರಲ್ಲಿ ಕಾಂಗ್ರೆಸ್ಸಿನೊಡನೆ ಕೂಡಿಕೊಂಡಿತು. ಆ ತನಕ ಬೆಂಗಳೂರಿನ ವಕೀಲರ ಮಾತಾಗಿದ್ದ 'ಜವಾಬ್ದಾರಿ ಸರ್ಕಾರ' ಎಂಬುದು ಮದ್ದೂರಿನ ಸಂತೆಯ ಮಾತೂ ಆಯಿತು. ಆದುದರಿಂದಲೇ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ರಾಜಧಾನಿಯಲ್ಲಿ ನಡೆಯದೆ ಶಿವಪುರದಲ್ಲಿ, ಶಿಂಷಾ ನದಿಯ ಸೀಮೆಯ ಒಂದು ಬಯಲಿನಲ್ಲಿ ನಡೆಯಿತು. ತ್ರಿವರ್ಣ ಧ್ವಜವನ್ನು ಹಾರಿಸಕೂಡದೆಂದು ಸರ್ಕಾರದ ನಿಷೇಧಾಜ್ಞೆ. ಬಿಸಿಲು ಬೆಂಕಿಯಂತೆ ಸುರಿಯುವ ಚೈತ್ರಮಾಸ. ಗಾಡಿ ಕಟ್ಟಿಕೊಂಡು, ಬುತ್ತಿ ಗಂಟಿನೊಡನೆ ಹಳ್ಳಿಹಳ್ಳಿಗಳ ಗಂಡಸರೂ ಹೆಂಗಸರೂ ಬಂದರು. 1938ರ ಏಪ್ರಿಲ್ 11ರಂದು ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಧ್ವಜವನ್ನೇರಿಸಿದರು, ಅವರನ್ನು ಬಂಧಿಸಿದರು. ಅವರ ಹಿಂದೆ ಮತ್ತೊಬ್ಬರು, ಅವರ ಹಿಂದೆ ಮಗುದೊಬ್ಬರು. ಲಾಠಿಯನ್ನು ಪೊಲೀಸರು ಹಿಡಿದಿದ್ದರು, ಜನರ ಕೈಯಲ್ಲಿ ಏನೂ ಇರಲಿಲ್ಲ.

ಹದಿನಾಲ್ಕು ದಿನಗಳ ತರುವಾಯ, ಏಪ್ರಿಲ್ 25ರಂದು, ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ ಪೊಲೀಸರು ನೆರೆದ ಜನರ ಮೇಲೆ ಗುಂಡು ಹಾರಿಸಿದರು. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ಇಂದಿಗೂ ತಾಳೆಯಿಲ್ಲ. ಅಂದು ಮೈಸೂರು ಪೀಟರ್ಸ್‌ಬರ್ಗಿಗೆ ತೀರ ಸಮೀಪದಲ್ಲಿತ್ತು. ಆದರೆ ಮೇ ತಿಂಗಳಿನಲ್ಲಿಯೇ ವಲ್ಲಭಭಾಯಿ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬೆಂಗಳೂರಿಗೆ ಬಂದು ಮಿರ್ಜಾ ಅವರೊಡನೆ ಕುಳಿತು ಮಾತನಾಡಿದರು, ಸೆರೆಯಲ್ಲಿದ್ದವರ ಬಿಡುಗಡೆಯಾಯಿತು, ಸಂಸ್ಥಾನದ ಗಂಡಭೇರುಂಡ ಧ್ವಜದೊಡನೆ ತ್ರಿವರ್ಣವೂ ಹಾರಬಹುದೆಂದಾಯಿತು. ಇದನ್ನು ದಿವಾನರ ಔದಾರ್ಯವೆಂದು ಹೊಗಳುವವರುಂಟು. ನಾನು ಹಾಗೆನ್ನಲಾರೆ: ವಿದುರಾಶ್ವತ್ಥದ ರಕ್ತ ಬಿದ್ದ ಮೇಲೆ ಕೇಳಿಸಿದ ಮಾತು ಶಿವಪುರದಲ್ಲಿಯೇ ಕೇಳಿಸಬಹುದಾಗಿತ್ತು. ಆದರೂ ಕೇಳಿಸಿತು. ನಿಕೊಲಾಸನಿಗೆ ಹನ್ನೆರಡು ವರ್ಷ ಅವಕಾಶವಿದ್ದೂ ಕೇಳಿಸಲಿಲ್ಲ. 1917ರ ಮಾರ್ಚ್ 8ರಂದು ರಾಜಧಾನಿಯ ಗಿರಣಿ ಹೆಂಗಸರು ರೊಟ್ಟಿಯಿಲ್ಲವೆಂದು ಬೀದಿಗಿಳಿದ ಮೇಲೆ, ಅವನು ಸಿಂಹಾಸನ ತ್ಯಜಿಸಲು ಒಂದು ವಾರ ಸಾಕಾಯಿತು.

ಒಂದು ಮಾತನ್ನು ಮುಚ್ಚಿಡಬಾರದು. ನಾಲೆಯ ಅರ್ಜಿಗಳೆಲ್ಲ ಪಹಣಿಯಲ್ಲಿ ಹೆಸರಿದ್ದವರ ಅರ್ಜಿಗಳು. ಅವರ ಗದ್ದೆಯಲ್ಲಿ ನಾಟಿ ಹಾಕಿದ ಹೆಂಗಸರು, ಕಬ್ಬು ಕಡಿದ ಆಳು, ಊರ ಹೊರಗಿನ ಕೇರಿಯವರು ಯಾವ ಸಭೆಗೂ ಪ್ರತಿನಿಧಿಯನ್ನು ಕಳುಹಿಸಿದವರಲ್ಲ. ಅವರ ಅಹವಾಲು ಯಾವ ದಫ್ತರದಲ್ಲಿಯೂ ಇಲ್ಲ. ಅವರ ಗೋಡೆಯ ಮೇಲೆ ದೊರೆಯ ಪಟವಿತ್ತೇ, ಇದ್ದರೆ ಯಾವ ಭಾವದಿಂದ ಇತ್ತು ಎಂದು ಕೇಳಿ ಬರೆದಿಟ್ಟವರು ಕಡಮೆ.

ಮೈಸೂರಿನ ಜವಾಬ್ದಾರಿ ಸರ್ಕಾರವು ಮತ್ತೊಂದು ಚಳವಳಿಯಿಲ್ಲದೆ ಬರಲಿಲ್ಲ. 1947ರ ಆಗಸ್ಟಿನಲ್ಲಿ ದೇಶ ಸ್ವತಂತ್ರವಾದರೂ ಮೈಸೂರಿನಲ್ಲಿ ದಿವಾನರ ಆಡಳಿತವೇ ಮುಂದುವರಿದುದರಿಂದ 'ಮೈಸೂರು ಚಲೋ' ನಡೆಯಬೇಕಾಯಿತು. ಅಕ್ಟೋಬರ್ 25ರಂದು ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿತು. ತ್ಸಾರ್ ನಿಕೊಲಾಸನನ್ನು ಹೆಂಡತಿ ಮಕ್ಕಳೊಡನೆ 1918ರ ಜುಲೈಯಲ್ಲಿ ಯೆಕತೆರಿನ್‌ಬುರ್ಗಿನ ಮನೆಯೊಂದರ ನೆಲಮಾಳಿಗೆಯಲ್ಲಿ ಗುಂಡಿಕ್ಕಿ ಕೊಂದರು. ಜಯಚಾಮರಾಜ ಒಡೆಯರು ರಾಜಪ್ರಮುಖರಾಗಿ, 1956ರ ಬಳಿಕ ರಾಜ್ಯಪಾಲರಾಗಿ, ತಾವು ಆಳಿದ ನಾಡಿನಲ್ಲಿಯೇ ಗೌರವದಿಂದ ಬಾಳಿದರು. ನಾಲೆಗಿದ್ದ ಇರ್ವಿನ್ನರ ಹೆಸರು ಅಳಿದು ವಿಶ್ವೇಶ್ವರಯ್ಯನವರ ಹೆಸರು ಬಂದಿತು. ಜನರ ಬಾಯಲ್ಲಿ ಅದು ವಿ.ಸಿ. ನಾಲೆ.

ಶಿವಪುರದಲ್ಲಿ ಧ್ವಜವನ್ನೇರಿಸಿದುದರ ನೆನಪಿಗೆ ಹಳೆಯ ಹೆದ್ದಾರಿಯ ಅಂಚಿನಲ್ಲಿ ಸತ್ಯಾಗ್ರಹ ಸೌಧವೊಂದಿದೆ. ಮೈಸೂರಿಗೆ ಹೋಗುವವರು ಈಗ ಹೊಸ ದಾರಿಯಲ್ಲಿ ಮದ್ದೂರನ್ನೂ ಗೆಜ್ಜಲಗೆರೆಯನ್ನೂ ಕಾಣದೆಯೇ ದಾಟಿಬಿಡುತ್ತಾರೆ. ಮದ್ದೂರು ವಡೆಯ ಆಸೆಗಾದರೂ ಹಳೆಯ ದಾರಿ ಹಿಡಿದವರು ಅಲ್ಲಿ ಒಂದು ಗಳಿಗೆ ಇಳಿದು ನೋಡಬೇಕೆಂದು ನನ್ನ ಬಿನ್ನಹ.